ಉಲ್ಕೆ ಬಿದ್ದ ದಿಕ್ಕು

ಹನುಮಸಾಗರ

ಹಿರಿಯರಾದ ಗವಿಸಿದ್ದಪ್ಪನವರಿಗೆ ಶರಣು.

ಮೊನ್ನೆ ರಾತ್ರಿ ಉರಿಯುವ ಉಲ್ಕೆ ನಮ್ಮೂರ ಮೇಲೆ ಬಿದ್ದದ್ದನ್ನು ತಾವರಗೇರಾದಿಂದ ನೀವು ನೋಡಿದಿರಂತೆ. ಅಪಶಕುನವೆಂದು ನಿಮ್ಮ ಮಗ ರುದ್ರೇಶರ ಜೊತೆಗಿನ ನನ್ನ ನಿಶ್ಚಿತಾರ್ಥ ನಿಲ್ಲಿಸಿದ್ದೀರಿ.

ನಾನೂ ಮಾಳಿಗೆಯ ಮೇಲಿದ್ದೆ. ನಮಗೆ ಅದು ತಾವರಗೇರಾದ ಮೇಲೆಯೇ ಬಿದ್ದಂತೆ ಕಂಡಿತು.

"ನಿನ್ನ ಗಂಡನ ಮನಿ ಮ್ಯಾಲೆ ಬಿತ್ತಲ್ಲವಾ, ಇನ್ನೂ ಅಲ್ಲಿಗೆ ಹೊಕ್ಕೀಯೇನ?" ಎಂದು ಅಜ್ಜಿ ಕೇಳಿದಳು.

"ಹೊಕ್ಕೀನಿ, ಬಿದ್ದಿದ್ರ ಕಲ್ಲು ಹುಡುಕ್ತೀನಿ" ಎಂದೆ.

ಅದು ಎರಡೂ ಊರುಗಳ ನಡುವೆ, ಬಹಳ ಎತ್ತರದಲ್ಲಿ ಉರಿದಿರಬೇಕು. ಆಮೇಲೆ ನಮಗೆ ಗುಡುಗಿನಂಥ ಸದ್ದು ಕೇಳಿಸಿತು. ನಿಮಗೂ ಕೇಳಿಸಿತೇ? ದಯವಿಟ್ಟು ತಿಳಿಸಿ.

ನೀವು ನಿಂತು ನೋಡಿದ ಜಾಗಕ್ಕೆ ಬಂದು ದಿಕ್ಕು ನೋಡುವ ಆಸೆಯಿದೆ. ಅಂದೇ ನಿಶ್ಚಿತಾರ್ಥ ಇಟ್ಟುಕೊಂಡರೆ ನಮ್ಮವರೆಲ್ಲ ಜೊತೆಗೇ ಬರುತ್ತಾರೆ.

ನಿಮ್ಮ ಸೊಸೆಯಾಗಬೇಕಾದ
ಶಿವಲೀಲಾ