ಶಮೀಮಳ ಹೆಸರಿನಲ್ಲಿ ನಮೂದಾದ ನನ್ನ ಎಫ್

ಮಾನ್ಯ ದಾಖಲಾತಿ ಮುಖ್ಯಸ್ಥರೇ,

ತಮ್ಮ ಸಮುದಾಯ ಕಾಲೇಜಿನ ಶಾಶ್ವತ ಅಂಕಪಟ್ಟಿಯಲ್ಲಿ, ಮನಃಶಾಸ್ತ್ರದ ಎದುರು, ನನ್ನ ವಿದ್ಯಾರ್ಥಿನಿ ಶಮೀಮಳಿಗೆ ತಾವು ಎಫ್ ಕೊಟ್ಟಿದ್ದೀರಿ. ಅವಳು ತಪ್ಪು ಉತ್ತರ ಬರೆದಳೆಂದಲ್ಲ. ಹಾಜರಾತಿ ಸಾಲದೆ ಪರೀಕ್ಷೆಗೆ ಅವಳು ಕೂರಲೇ ಇಲ್ಲ. ಕೋರ್ಸಿನಿಂದ ಹಿಂದೆ ಸರಿಯುವ ಅರ್ಜಿ ಸಕಾಲದಲ್ಲಿ ತಮ್ಮನ್ನು ತಲುಪಲಿಲ್ಲ ಎಂಬುದಷ್ಟೇ ಕಾರಣ. ಆ ಅರ್ಜಿ ಬೇಡವೆಂದು ಅವಳಿಗೆ ಹೇಳಿದವನು ನಾನು. ನ್ಯಾಯವಾಗಿ ಆ ಎಫ್ ನನಗೆ ಸಲ್ಲತಕ್ಕದ್ದು. ಕಾಲೇಜಿನ ಪಾಠವನ್ನು ಶಾಲಾಮಕ್ಕಳಿಗೆ ತರುವ ತಮ್ಮ ಯೋಜನೆಯನ್ನು ಪೋಷಕರ ಸಭೆಯಲ್ಲಿ ನಿಂತು ಹೊಗಳಿದವನೂ ನಾನೇ ಆದುದರಿಂದ, ಈ ಮಾತನ್ನೂ ಬಹಿರಂಗ ಪತ್ರವಾಗಿ ನಾಲ್ಕು ಜನರ ಮುಂದೆಯೇ ಹೇಳಬೇಕಾಗಿದೆ.

ದುಬೈಯ ಶಾಲೆಯೊಂದರಲ್ಲಿ ಹದಿನಾರು ವರ್ಷಗಳಿಂದ ಜೀವಶಾಸ್ತ್ರ ಕಲಿಸುತ್ತಿದ್ದೇನೆ. ತಮ್ಮ ಜೋಡಿ ಕ್ರೆಡಿಟ್ ಯೋಜನೆ ನಮ್ಮಲ್ಲಿಗೆ ಬಂದಾಗ ಅದರ ಮಾರ್ಗದರ್ಶಿಯಾಗಲು ನಾನೇ ಕೈ ಎತ್ತಿದೆ. ಹನ್ನೊಂದನೆಯ, ಹನ್ನೆರಡನೆಯ ತರಗತಿಯ ಮಕ್ಕಳು ಶನಿವಾರಗಳಂದು ಕಾಲೇಜಿನ ಪಾಠ ಕೇಳುತ್ತಾರೆ. ಆ ಪಾಠ ಶಾಲೆಗೂ ಸಲ್ಲುತ್ತದೆ, ಮುಂದಿನ ಪದವಿಗೂ ಸಲ್ಲುತ್ತದೆ. ಎಷ್ಟು ಚೆಂದದ ಏರ್ಪಾಡು. ಎರಡು ದೋಣಿಯಲ್ಲಿ ಕಾಲಿಡಬೇಡ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಾವು ಹದಿನಾರರ ಮಕ್ಕಳಿಗೆ, ಇಡು, ಎರಡೂ ದೋಣಿಗಳನ್ನು ಒಂದಕ್ಕೊಂದು ಕಟ್ಟಿದ್ದೇವೆ ಎಂದೆವು. ಕಟ್ಟಿರಲಿಲ್ಲ ಎಂಬುದು ಒಂದು ಮಗು ನೀರಿಗೆ ಬಿದ್ದ ಮೇಲೆ ತಿಳಿಯಿತು.

ಶಮೀಮಳ ತಂದೆ ಅಬೂಬಕ್ಕರ್ ಅವರದು ಬರ್ ದುಬೈಯಲ್ಲಿ ಸಣ್ಣದೊಂದು ಬಟ್ಟೆಯಂಗಡಿ. ಮೊದಲ ಅವಧಿಯಲ್ಲಿ ಅವಳು ಸಂಖ್ಯಾಶಾಸ್ತ್ರ ತೆಗೆದುಕೊಂಡಳು. ತಮ್ಮದೇ ಕಾಲೇಜು ಅವಳಿಗೆ ಎ ಕೊಟ್ಟಿತು. ಎರಡನೆಯ ಅವಧಿಗೆ ಮನಃಶಾಸ್ತ್ರ ತೆಗೆದುಕೊಂಡಳು. ಅದರ ಐದನೆಯ ವಾರ, ಉಪ್ಪಿನಂಗಡಿಯಲ್ಲಿ ಅವಳ ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ತಾಯಿಯೊಡನೆ ಅವಳೂ ಹೊರಟಳು, ಆರು ವಾರಕ್ಕೆ. ರಜೆಯ ಅರ್ಜಿ ಪಡೆಯಲು ನಾನೇ ಅಂಗಡಿಗೆ ಹೋಗಿದ್ದೆ.

“ಮಾಷ್ಟ್ರೇ, ಕಾಲೇಜಿಗೆ ಬೇರೆ ಎಂತಾದ್ರೂ ಬರೆದು ಕೊಡ್ಲಿಕ್ಕುಂಟಾ?” ಎಂದು ಅಬೂಬಕ್ಕರ್ ಕೇಳಿದರು.

“ಬೇಡ ಮಾರಾಯ್ರೆ. ಶಾಲೆಗೆ ಕೊಟ್ಟರೆ ಅಲ್ಲಿಗೂ ಮುಟ್ಟಿದ ಹಾಗೆ. ನಾನಿದ್ದೇನಲ್ಲ.”

“ಹಾಗಾದ್ರೆ ಖಲಾಸ್. ನಾನು ತಲೆಬಿಸಿ ಮಾಡುದಿಲ್ಲ.”

ನಮ್ಮ ಕರಾವಳಿಯವರ ಒಂದು ಅಭ್ಯಾಸವನ್ನು ತಾವು ಅರಿಯಬೇಕು. ಈ ಊರಿನಲ್ಲಿ ಯಾವ ಕಚೇರಿಯ ಕಾಗದ ಬಂದರೂ ನಾವು ಓದುವುದಿಲ್ಲ, ಗುರುತಿನವರಿಗೆ ಕೊಡುತ್ತೇವೆ. ವೀಸಾಕ್ಕೊಬ್ಬ ಗುರುತಿನವರು, ಆಸ್ಪತ್ರೆಗೊಬ್ಬರು, ಶಾಲೆಗೆ ಸರ್ವೋತ್ತಮ ಮಾಷ್ಟ್ರು, ಅಂದರೆ ನಾನು. ಆ ಗುರುತಿನವನು ಓದಿರುತ್ತಾನೆ ಎಂಬ ನಂಬಿಕೆಯ ಮೇಲೆ ನೂರಾರು ಸಂಸಾರಗಳು ನಡೆಯುತ್ತಿವೆ. ನಾನು ಓದಿರಲಿಲ್ಲ. ಏಳನೆಯ ವಾರ, ಪಾಠಕ್ಕೆ ಬರಲಾಗದಿದ್ದರೆ ಹಿಂದೆ ಸರಿಯುವ ಅರ್ಜಿ ಕೊಡಿ ಎಂಬ ತಮ್ಮ ಕಚೇರಿಯ ಎಚ್ಚರಿಕೆಯ ಪತ್ರವನ್ನು ಶಮೀಮ ಊರಿನಿಂದ ನನ್ನ ಫೋನಿಗೆ ಕಳುಹಿಸಿ, “ಸರ್, ಇದಕ್ಕೆ ಏನಾದ್ರೂ ಮಾಡ್ಬೇಕಾ?” ಎಂದು ಕೇಳಿದಳು. ನಾನು ಮೆಟ್ರೋದಲ್ಲಿ ನಿಂತಿದ್ದೆ. “ಬೇಡ, ಅಜ್ಜಿಯನ್ನು ನೋಡಿಕೋ” ಎಂದು ಬರೆದು, ಜೊತೆಗೊಂದು ಹೆಬ್ಬೆರಳಿನ ಚಿತ್ರ ಹಾಕಿದೆ. ಆ ಹೆಬ್ಬೆರಳು ಇನ್ನೂ ನನ್ನ ಫೋನಿನಲ್ಲಿದೆ. ಅಳಿಸಿಲ್ಲ.

ತಪ್ಪು ನನ್ನದೆಂದು ಒಪ್ಪಿದ ಮೇಲೆ ಕೇಳಲು ಹಕ್ಕುಂಟೋ ಇಲ್ಲವೋ, ಒಂದು ಪ್ರಶ್ನೆಯನ್ನಂತೂ ಕೇಳುತ್ತೇನೆ. ಎಫ್ ಬಂದ ವಾರ ನಾನು ತಮ್ಮ ಕಚೇರಿಗೆ ಓಡಿದೆ. ಕಾಲೇಜಿನಲ್ಲಿ ವಿದ್ಯಾರ್ಥಿನಿ ವಯಸ್ಕಳಿಗೆ ಸಮಾನ, ಅವಳೇ ಬರಬೇಕು ಎಂದರು. ಅವಳು ಹೋದಳು. ಹದಿನೆಂಟು ತುಂಬಿಲ್ಲ, ತಂದೆಯನ್ನು ಕರೆತಾ ಎಂದರು. ತಂದೆ ಅಂಗಡಿಯ ಬಾಗಿಲೆಳೆದು ಹೋದರು. ಅರ್ಜಿಯ ಗಡುವು ಎಂಟನೆಯ ವಾರಕ್ಕೇ ಮುಗಿದಿದೆ ಎಂದರು. ಅಂದು ಸಂಜೆ ಅಬೂಬಕ್ಕರ್ ನನ್ನನ್ನು ಬೈಯಲಿಲ್ಲ. “ಅಲ್ಲ ಮಾಷ್ಟ್ರೇ, ನನ್ನ ಮಗಳು ಅಲ್ಲಿ ದೊಡ್ಡವಳಾ ಸಣ್ಣವಳಾ? ಅದೊಂದು ಹೇಳಿ ಸಾಕು” ಎಂದರು. ಅದನ್ನೇ ತಮ್ಮ ಮುಂದಿಡುತ್ತಿದ್ದೇನೆ. ದಂಡನೆಗೆ ವಯಸ್ಕಳು, ದೂರು ಕೊಡಲು ಮಗು ಎಂಬ ಈ ಅಪೂರ್ವ ಪ್ರಾಣಿಯನ್ನು ನನ್ನ ಜೀವಶಾಸ್ತ್ರದ ಯಾವ ಪುಸ್ತಕದಲ್ಲಿಯೂ ನಾನು ಕಂಡಿಲ್ಲ.

ಇನ್ನು ಹೇಳಲು ನಾಚಿಕೆಯಾಗುವ ಭಾಗ. ಶಮೀಮಳಿಗೆ ಫಿಸಿಯೋಥೆರಪಿ ಪದವಿಗೆ ಷರತ್ತಿನ ಮೇಲೆ ಸೀಟು ಸಿಕ್ಕಿದೆ. ಓದಿದ ಎಲ್ಲ ಸಂಸ್ಥೆಗಳ ಅಂಕಪಟ್ಟಿಯನ್ನೂ ಈ ತಿಂಗಳ ಕೊನೆಯೊಳಗೆ ಕೊಡಬೇಕು. ಯಾವುದರಲ್ಲೂ ಎಫ್ ಇರಕೂಡದು. ನಾನು ಅವಳನ್ನು ಪ್ರಯೋಗಾಲಯಕ್ಕೆ ಕರೆದು, ಬಾಗಿಲು ಮುಂದೆ ಮಾಡಿ, ಕಾಲೇಜಿನ ವಿಷಯವನ್ನೇ ಬರೆಯಬೇಡ, ಯಾರಿಗೆ ಗೊತ್ತಾಗುತ್ತದೆ ಎಂದೆ.

“ಸರ್, ನನ್ನ ಎ ಕೂಡ ಅದೇ ಶೀಟಲ್ಲಿ ಉಂಟಲ್ಲ?” ಎಂದಳು. ಆಮೇಲೆ, “ಫಾರ್ಮಲ್ಲಿ ಸುಳ್ಳು ಬರೀಬಾರ್ದು ಅಂತ ಓರಿಯೆಂಟೇಶನ್‌ನಲ್ಲಿ ನೀವೇ ಹೇಳಿದ್ದು.”

ಪದವಿಯ ಅರ್ಜಿಯ ಜೊತೆಗಿಡಲು, ಎಫ್ ಬಂದುದೇಕೆ ಎಂಬ ವಿವರಣೆಯನ್ನು ಅವಳೇ ಬರೆದು ನನಗೆ ತೋರಿಸಿದಳು. ಒಂದೇ ಸಾಲು: ನಿಯಮಗಳನ್ನು ನಾನು ಸರಿಯಾಗಿ ಓದಿಕೊಳ್ಳಲಿಲ್ಲ. ಅದರಲ್ಲಿ ನನ್ನ ಹೆಸರಿರಲಿಲ್ಲ, ಮೆಟ್ರೋ ಇರಲಿಲ್ಲ, ಹೆಬ್ಬೆರಳೂ ಇರಲಿಲ್ಲ. ಮಕ್ಕಳನ್ನು ಕಾಪಾಡುವವನೆಂದು ಬೀಗುತ್ತಿದ್ದ ನನ್ನನ್ನು ಹದಿನೇಳರ ಹುಡುಗಿ ಕಾಪಾಡಿದ್ದಳು. ಆ ಸಾಲು ಸುಳ್ಳು ಎಂದು ಹೇಳಲು ಈ ಪತ್ರ ಬರೆದಿದ್ದೇನೆ. ಇದರಲ್ಲಿ ಅವರ ಹೆಸರು ಹಾಕಲು ಅವಳ ಮತ್ತು ಅವಳ ತಂದೆಯ ಒಪ್ಪಿಗೆ ಕೇಳಿದೆ. “ಹಾಕಿ ಸರ್. ಬಟ್ ನಿಮ್ಮನ್ನು ನೀವು ತುಂಬ ಬೈಕೊಳ್ಬೇಡಿ, ಓಕೆ?” ಎಂದಳು. ಆ ಎರಡನೆಯ ಮಾತನ್ನು ಪಾಲಿಸಲಾಗಲಿಲ್ಲ.

ನನ್ನ ಬೇಡಿಕೆ ಇಷ್ಟು. ಅಂಕಪಟ್ಟಿಯಲ್ಲಿರುವ ಎಫ್ ಅನ್ನು ತೆಗೆದು, ಕೋರ್ಸಿನಿಂದ ಹಿಂದೆ ಸರಿದಿದ್ದಾಳೆ ಎಂದು ತಿಂಗಳ ಕೊನೆಯೊಳಗೆ ತಿದ್ದಬೇಕು. ಶಾಲೆ ಕೊಟ್ಟ ರಜೆಯನ್ನು ಕಾಲೇಜೂ ಮನ್ನಿಸುವಂತೆ ಎರಡು ದೋಣಿಗಳ ನಡುವೆ ಒಂದು ಹಗ್ಗವನ್ನಾದರೂ ಕಟ್ಟಬೇಕು. ಹಾಗೆ ತಿದ್ದಲು ಯಾರಾದರೊಬ್ಬರು ಅನುತ್ತೀರ್ಣರಾಗಲೇಬೇಕೆಂದು ತಮ್ಮ ನಿಯಮ ಹೇಳುವುದಾದರೆ, ಆ ಅಕ್ಷರದ ಎದುರು ಬರೆದುಕೊಳ್ಳಲು ಕೆಳಗೊಂದು ಹೆಸರು ಕೊಟ್ಟಿದ್ದೇನೆ.

ಇಂತಿ,
‘ನಾನಿದ್ದೇನಲ್ಲ’ ಎಂದು ಹೇಳಿ, ಬೇಕಾದ ವಾರ ಇಲ್ಲದೇ ಹೋದ
ಸರ್ವೋತ್ತಮ ಮಾಷ್ಟ್ರು,
ಕರಾಮ, ದುಬೈ