ಪೌಡರ್ ಹಚ್ಚಿಕೊಂಡ ಮಕ್ಕಳು, ನಿಂತುಹೋದ ಅನುದಾನ

ಮಕ್ಕಳ ಮತ್ತು ಕುಟುಂಬಗಳ ನೆರವಿನ ಅನುದಾನವನ್ನು ಮಂಜೂರು ಮಾಡುವ, ಹಾಗೂ ಮನಸ್ಸು ಬಂದಾಗ ನಿಲ್ಲಿಸುವ, ಕಚೇರಿಯ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಮಕ್ಕಳು ಸಾಕಷ್ಟು ಬಡವರಂತೆ ಕಾಣುವುದಿಲ್ಲ ಎಂಬ ಕಾರಣಕ್ಕೆ ತಾವು ನಮ್ಮ ಸಂಸ್ಥೆಯ ಅನುದಾನವನ್ನು ತಡೆಹಿಡಿದಿದ್ದೀರಿ. ನಾನು ಮಾತು ತಿರುಚುತ್ತಿಲ್ಲ. ತಮ್ಮ ಪತ್ರದ ವಾಕ್ಯವೇ ಹೀಗಿದೆ: 'ಪರಿಶೀಲನಾ ಸಮಯದಲ್ಲಿ ಫಲಾನುಭವಿಗಳು ಆರ್ಥಿಕವಾಗಿ ದುರ್ಬಲರೆಂದು ಮೇಲ್ನೋಟಕ್ಕೆ ಕಂಡುಬಂದಿರುವುದಿಲ್ಲ.' ನಾನು ವಿಮಾ ಕಚೇರಿಯಲ್ಲಿ ಕ್ಲೇಮು ನೋಡುತ್ತಲೇ ನಿವೃತ್ತಳಾದವಳು. ತೀರಿಕೊಂಡವರೇ ಖುದ್ದಾಗಿ ಬಂದು ಸಹಿ ಹಾಕಬೇಕೆಂದು ಹೊರಟ ಪತ್ರವನ್ನೂ ಈ ಕಣ್ಣಿಂದ ಕಂಡಿದ್ದೇನೆ. ಆದರೆ ವಿಧವೆ ತಲೆ ಬಾಚಿಕೊಂಡು ಬಂದಳೆಂದು ಅವಳ ಹಣ ತಡೆದದ್ದನ್ನು ಅಲ್ಲಿಯೂ ಕಂಡಿರಲಿಲ್ಲ. ಆ ದಾಖಲೆಯ ಕೀರ್ತಿ ತಮ್ಮ ಕಚೇರಿಗೇ ಸೇರಬೇಕು.

ನಾವು ಯಾರೆಂದು ತಮಗೆ ಮರೆತಿರಬಹುದು, ಹೇಳಿಬಿಡುತ್ತೇನೆ. ಕಗ್ಗದಾಸಪುರದಲ್ಲಿ ಕಾರ್ಖಾನೆಯಿಂದಲೂ ವಿಮಾ ಕಚೇರಿಯಿಂದಲೂ ನಿವೃತ್ತರಾದ ಕೆಲವರು ಸೇರಿ ಕಟ್ಟಿಕೊಂಡ ಸಣ್ಣ ಸಂಸ್ಥೆ ನಮ್ಮದು. ನಮ್ಮ ಕಾಲೋನಿಯ ಹಿಂದಿನ ಗಲ್ಲಿಗಳಲ್ಲಿ ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಒಂದೊಂದು ಬಾಡಿಗೆ ಕೋಣೆಯಲ್ಲಿ ಒಂದೊಂದು ಸಂಸಾರ ಹೂಡಿದ್ದಾರೆ. ತಾಯಂದಿರು ಕೆಲಸಕ್ಕೆ ಹೋದಾಗ ಎಳೆಯ ಮಕ್ಕಳನ್ನು ನೋಡಿಕೊಳ್ಳಲು ನಮ್ಮಲ್ಲೊಂದು ಕೂಸಿನ ಮನೆ ಇದೆ. ಸಂಜೆ ದೊಡ್ಡ ಮಕ್ಕಳಿಗೆ ಪಾಠ. ಭಾನುವಾರ ಹದಿಹರೆಯದವರಿಗೆ ವೈರಿಂಗ್ ಕೆಲಸ ಕಲಿಸುವವರು ನನ್ನ ಯಜಮಾನರು, ಕೃಷ್ಣಸ್ವಾಮಿ. ಮೊದಲ ಪಾಠದ ದಿನವೇ ಇಡೀ ಗಲ್ಲಿಯ ಕರೆಂಟು ಹೋಗಿ, ಅವರ ಖ್ಯಾತಿ ಮಾರತ್ತಹಳ್ಳಿಯವರೆಗೂ ಹಬ್ಬಿತು. 'ಕುಟುಂಬ ಸಮಾಲೋಚನೆ' ಎಂದು ಅರ್ಜಿಯಲ್ಲಿ ಬರೆದಿದ್ದೇವಲ್ಲ, ಅದು ನಾನು. ಕುಡಿದು ಬಂದ ಗಂಡಂದಿರನ್ನು ಎದುರಿಗೆ ಕೂರಿಸಿಕೊಂಡು, ಅವರು ನೆಲ ನೋಡುವವರೆಗೂ ನಾನು ಅವರನ್ನೇ ನೋಡುತ್ತೇನೆ. ಫಲಿತಾಂಶ ತೃಪ್ತಿಕರ.

ಹಣದ ವಿಷಯಕ್ಕೂ ಬರೋಣ. ತಮ್ಮ ಅನುದಾನದಿಂದ ಬಾಡಿಗೆ ಮತ್ತು ಕೂಸಿನ ಮನೆಯ ಇಬ್ಬರು ಆಯಾಗಳ ಸಂಬಳ ನಡೆಯುತ್ತಿತ್ತು. ಹಾಲು, ಮೊಟ್ಟೆ, ಪುಸ್ತಕಕ್ಕೆ ಕಾಲೋನಿಯವರ ಪಿಂಚಣಿಯಿಂದ ವಂತಿಗೆ. ತಮ್ಮ ಪರಿಶೀಲನಾಧಿಕಾರಿಯೇ 'ಲೆಕ್ಕಪತ್ರಗಳಲ್ಲಿ ಲೋಪವಿಲ್ಲ' ಎಂದು ಬರೆದುಕೊಟ್ಟಿದ್ದಾರೆ. ಲೋಪವಿರುವುದು ಮಕ್ಕಳ ಮುಖದಲ್ಲಿ ಎಂದಾಯಿತು.

ಆ ದಿನ ನಡೆದದ್ದಿಷ್ಟು. ಅಧಿಕಾರಿಗಳು ಬರುತ್ತಾರೆಂದು ತಾವು ಒಂದು ವಾರ ಮುಂಚೆಯೇ ತಿಳಿಸಿದಿರಿ. ನಾನು ಸಾಬಮ್ಮನಿಗೆ ಹೇಳಿದೆ. ಸಾಬಮ್ಮ ಗಾರೆ ಕೆಲಸದವಳು. ಅವಳ ಕೈಕೂಸು ಕೂಸಿನ ಮನೆಯಲ್ಲಿರುತ್ತಿತ್ತು, ಹಿರಿಯ ಮಗಳು ಶಾಂಭವಿ ಸಂಜೆಯ ಪಾಠಕ್ಕೆ ಬರುತ್ತಾಳೆ. 'ಮಕ್ಕಳನ್ನು ನೋಡಲು ಸಾಹೇಬರು ಬರ್ತಾರಮ್ಮ' ಎಂದಷ್ಟೇ ನಾನು ಹೇಳಿದ್ದು. ಅವರ ಸೀಮೆಯಲ್ಲಿ ಮನೆಗೆ ಬೀಗರು ಬಂದರೂ ಒಂದೇ, ಸಾಹೇಬರು ಬಂದರೂ ಒಂದೇ. ಮಕ್ಕಳನ್ನು ಮಾಸಿದ ಬಟ್ಟೆಯಲ್ಲಿ ಎದುರಿಗೆ ನಿಲ್ಲಿಸುವುದು ಬಂದವರಿಗೆ ಮಾಡುವ ಅವಮಾನ. ಗಲ್ಲಿಯ ತಾಯಂದಿರೆಲ್ಲ ಅಂದಿನ ಕೂಲಿ ಬಿಟ್ಟರು. ನಲ್ಲಿಯ ಮುಂದೆ ಮಕ್ಕಳ ಸಾಲು. ತಲೆಗೆ ಎಣ್ಣೆ, ಕಣ್ಣಿಗೆ ಕಾಡಿಗೆ, ಮುಖಕ್ಕೆ ಧಾರಾಳವಾಗಿ ಪೌಡರ್. ಪಂಚಮಿ ಹಬ್ಬಕ್ಕೆ ತೆಗೆಸಿದ ಬಟ್ಟೆಗಳು ಮತ್ತೆ ಪೆಟ್ಟಿಗೆಯಿಂದ ಹೊರಬಂದವು. ನಾನು ಬಂದು ನೋಡುವ ಹೊತ್ತಿಗೆ ಕೂಸುಗಳೆಲ್ಲ ದೃಷ್ಟಿಬೊಟ್ಟು ಇಡಿಸಿಕೊಂಡು ಸಾಲಾಗಿ ಕುಳಿತಿದ್ದವು. ನನಗಂತೂ ಕಣ್ಣು ತುಂಬಿ ಬಂತು.

ತಮ್ಮ ಅಧಿಕಾರಿಗಳಿಗೆ ಹಾಗಾಗಲಿಲ್ಲ. ಬಾಗಿಲಲ್ಲೇ ನಿಂತು, "ಏನ್ ಮೇಡಮ್, ಇವ್ರೇನಾ ನಿಮ್ ಬೆನಿಫಿಶಿಯರೀಸು? ಬರ್ತ್‌ಡೇ ಪಾರ್ಟಿಗೆ ಬಂದಂಗಿದೆ!" ಎಂದರು. ಒಬ್ಬ ಹುಡುಗನ ಅಂಗಿ ಹಿಡಿದು, "ಬ್ರ್ಯಾಂಡೆಡ್ ಹಾಕ್ತಾರೆ" ಎಂದು ಬರೆದುಕೊಂಡರು. ಮಾನ್ಯರೇ, ಆ ಅಂಗಿಯ ಮೇಲಿನ ಕುದುರೆಯ ಗುರುತನ್ನು ತಲೆಕೆಳಗಾಗಿ ಹೊಲಿದಿದ್ದರು. ಅದಕ್ಕೇ ಅದು ದೋಷವಿದ್ದ ಮಾಲು ಮಾರುವ ಮಾರತ್ತಹಳ್ಳಿಯ ಸೆಕೆಂಡ್ಸ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಕ್ಕಿದ್ದು. ಸಾಬಮ್ಮ ಮಾಡಿ ತಂದಿದ್ದ ಶೇಂಗಾ ಹೋಳಿಗೆಯನ್ನು ಸಾಹೇಬರು ಚಪ್ಪರಿಸಿ ತಿಂದರು, ಮನೆಗೂ ಕಟ್ಟಿಸಿಕೊಂಡರು. ಆಮೇಲೆ 'ಪೌಷ್ಟಿಕ ಆಹಾರದ ಕೊರತೆ ಕಾಣಲಿಲ್ಲ' ಎಂದು ಷರಾ ಬರೆದರು. ತಿಂದದ್ದು ಅವರು, ಪುಷ್ಟಿ ಬಂದದ್ದು ನಮ್ಮ ಮಕ್ಕಳಿಗೆ! ಪಕ್ಕದ ಗಲ್ಲಿಯಲ್ಲೇ ಇವರ ಕೋಣೆಗಳಿವೆ, ಒಮ್ಮೆ ನೋಡಿ ಬನ್ನಿ ಎಂದು ಕರೆದೆ. "ಅಲ್ಲೆಲ್ಲ ಕೆಸರು ಮೇಡಮ್, ಟೈಮ್ ಬೇರೆ ಇಲ್ಲ" ಎಂದು ಜೀಪು ಹತ್ತಿದರು. ಹತ್ತುವಾಗ ನಗುತ್ತಾ, "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಂಗಾಯ್ತು" ಎಂದರು.

ಆ ಗಾದೆ ನನಗೂ ಗೊತ್ತು. ಹೂವು ಮುಡಿದವಳಿಗೆ ಹಿಟ್ಟು ಕೊಡಬೇಡಿ ಎಂದು ಅದರಲ್ಲಿ ಎಲ್ಲಿ ಹೇಳಿದೆ? ತಾವು ಕೆಲಸದ ಸಂದರ್ಶನಕ್ಕೆ ಹೋದಾಗ ಇಸ್ತ್ರಿ ಮಾಡಿದ ಅಂಗಿ ತೊಟ್ಟಿರಲಿಲ್ಲವೇ? ಇವನು ನಿರುದ್ಯೋಗಿಯಂತೆ ಕಾಣುವುದಿಲ್ಲ ಎಂದು ಅಲ್ಲಿ ಯಾರಾದರೂ ಹಿಂದಕ್ಕೆ ಕಳಿಸಿದರೇ? ಇರಲಿ. ಇನ್ನು ಮುಂದೆ ತಪ್ಪಾಗದಂತೆ ದಯವಿಟ್ಟು ಒಂದು ಸುತ್ತೋಲೆ ಹೊರಡಿಸಿ. ಮಗುವಿಗೆ ಸ್ನಾನವಾಗಿ ಎಷ್ಟು ದಿನವಾಗಿರಬೇಕು? ಮೂಗು ಒಂದು ಹೊಳ್ಳೆಯಲ್ಲಿ ಸುರಿದರೆ ಸಾಕೋ, ಎರಡರಲ್ಲೂ ಸುರಿಯಬೇಕೋ? ಅಂಗಿ ಹರಿದಿರಬೇಕಾದದ್ದು ಬೆನ್ನಿನಲ್ಲೋ ಭುಜದಲ್ಲೋ? ನಗುವ ಮಕ್ಕಳು ಅರ್ಹರೋ, ಅಥವಾ ಅಳುವ ಮಕ್ಕಳನ್ನಷ್ಟೇ ಪರಿಗಣಿಸಲಾಗುವುದೋ? ಸರ್ಕಾರ ಹಣ ಕೊಟ್ಟಿದೆ, ತಡೆದಿರುವುದು ತಾವು. ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ ಎನ್ನುವುದು ಇದಕ್ಕೇ.

ತಮ್ಮ ಪತ್ರ ಬಂದ ದಿನ ನನ್ನ ಯಜಮಾನರು, "ಶಾಂತಾ, ಇನ್ನೊಂದ್ಸಲ ಕರ್ಸೋಣ. ಈ ಸಲ ಮಕ್ಕಳಿಗೆ ಹರಿದಿದ್ದೇ ಹಾಕ್ಸಿ, ಸ್ವಲ್ಪ ಮಸಿ ಬಳಿದ್ಬಿಡೋಣ" ಎಂದರು. ತಮಾಷೆಗೆ ಹೇಳಿದರೋ ನಿಜಕ್ಕೋ ತಿಳಿಯಲಿಲ್ಲ. ನನಗೂ ಆಸೆಯಾದದ್ದು ಸುಳ್ಳಲ್ಲ. ಕೇಳಿಸಿಕೊಂಡ ಸಾಬಮ್ಮ ಮುಖ ಕೆಂಪಗೆ ಮಾಡಿಕೊಂಡಳು. "ಬ್ಯಾಡ್ರಿ ಅಮ್ಮಾರ. ದುಡದು ತಿಂತೀವಿ, ರೊಕ್ಕ ಇಲ್ಲ ಖರೆ. ಆದ್ರ ನನ್ನ ಮಕ್ಕಳಿಗಿ ಹೊಲಸ ಅರಬಿ ಹಾಕಿ ಮಂದಿ ಮುಂದ ನಿಂದರಸಂಗಿಲ್ಲ. ಅದೊಂದು ನನ್ನ ಕೈಲೆ ಆಗಂಗಿಲ್ರಿ" ಎಂದಳು. ಮಸಿಯ ಯೋಚನೆಯನ್ನು ಅಲ್ಲಿಗೇ ಬಿಟ್ಟೆವು.

ಈಗ ಪರಿಣಾಮ ಕೇಳಿ. ಈ ತಿಂಗಳ ಮೊದಲಿನಿಂದ ಕೂಸಿನ ಮನೆಗೆ ಬೀಗ ಬಿದ್ದಿದೆ. ಆಯಾಗಳಿಗೆ ಸಂಬಳ ಕೊಡುವಷ್ಟು ನಮ್ಮ ಪಿಂಚಣಿ ಹಿಗ್ಗುವುದಿಲ್ಲ. ಸಾಬಮ್ಮ ಕೆಲಸ ಬಿಟ್ಟರೆ ಒಲೆ ಉರಿಯದು, ಕೂಸನ್ನು ಕಟ್ಟಡಕ್ಕೆ ಒಯ್ದರೆ ಮೇಸ್ತ್ರಿ ಒಳಗೆ ಬಿಡುವುದಿಲ್ಲ. ಹಾಗಾಗಿ ಏಳನೇ ತರಗತಿಯ ಶಾಂಭವಿ ಶಾಲೆ ಬಿಟ್ಟು, ಕಿಟಕಿಯಿಲ್ಲದ ಕೋಣೆಯಲ್ಲಿ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ದಿನ ತಳ್ಳುತ್ತಿದ್ದಾಳೆ. ಭಾಗಾಕಾರದಲ್ಲಿ ತರಗತಿಗೇ ಅವಳು ಮೊದಲು. ಇನ್ನೊಂದು ತಿಂಗಳು ಹೀಗೇ ಹೋದರೆ ಅವಳು ಮತ್ತೆ ಶಾಲೆಗೆ ಹೋಗುವುದಿಲ್ಲ; ಈ ಗಲ್ಲಿಯಲ್ಲಿ ಹಾಗೆ ನಿಂತುಹೋದ ಹುಡುಗಿಯರನ್ನು ಕಂಡಿದ್ದೇನೆ. ಇಲ್ಲಿಯವರೆಗೆ ತಮ್ಮನ್ನು ಹಾಸ್ಯ ಮಾಡಿದೆ. ಇದನ್ನು ನೆನೆದರೆ ನನಗೆ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಅನುದಾನವನ್ನು ಕೂಡಲೇ ಬಿಡುಗಡೆ ಮಾಡಿ. ಅನುಮಾನವಿದ್ದರೆ ಈ ಬಾರಿ ತಾವೇ ಬನ್ನಿ, ಮುಂಚಿತವಾಗಿ ತಿಳಿಸದೆ ಬನ್ನಿ, ಮಕ್ಕಳ ಅಂಗಿಯನ್ನಲ್ಲ, ಅವರ ಕೋಣೆಗಳನ್ನು ನೋಡಿ. ಜೊತೆಗೆ ಇನ್ನೊಂದು ಉತ್ತರವೂ ಬೇಕು, ಅದು ನನಗಲ್ಲ. ನಿನ್ನೆ ಶಾಂಭವಿ ಕೂಸನ್ನೆತ್ತಿಕೊಂಡು ನಮ್ಮ ಗೇಟಿನ ಹತ್ತಿರ ಬಂದು ನಿಂತಳು. ಆಮೇಲೆ ಕೇಳಿದಳು: "ಅಮ್ಮಾರ, ಆವತ್ತ ನಾ ಕೆಂಪ ರಿಬ್ಬನ್ ಕಟ್ಕೊಂಡಿದ್ದೆ. ಅದ್ಕೇ ಕೂಸಿನ ಮನಿ ಮುಚ್ಚಿದ್ರೇನ್ರಿ?"

ಅವಳಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ. ದಯವಿಟ್ಟು ಉತ್ತರ ತಾವೇ ಬರೆಯಿರಿ.

ಇಂತಿ,
ಖಜಾನೆಯಿಲ್ಲದ ಗೌರವ ಖಜಾಂಚಿ,
ಶಾಂತಕುಮಾರಿ
ಕಗ್ಗದಾಸಪುರ