ದಿಂಡು ಇಡದವರು ಯಾರು

ಸೊಸ್ನೋವ್ಕಾ, ಮೆಜೆನ್ ನದಿಯ ದಂಡೆ
ನವೆಂಬರ್ ೯

ತಮ್ಮ ದೆಮೀದನಿಗೆ,

ನಿನ್ನ ಬೆನ್ನುನೋವು ಹೇಗಿದೆ? ಅರ್ಖಾಂಗೆಲ್ಸ್ಕ್‌ನ ಮನೆ ಬೆಚ್ಚಗಿದೆ ತಾನೆ? ನಿನ್ನಾಕೆ ಲುಕೇರ್ಯಾ ಆರೋಗ್ಯವಾಗಿದ್ದಾಳಾ? ಸರಿ, ಕೇಳಬೇಕಾದ್ದನ್ನು ಕೇಳಿದ್ದಾಯಿತು. ಇನ್ನು ಬೈಗುಳ ತಿನ್ನು.

ಅಪ್ಪ ಇಪ್ಪತ್ತೆರಡು ಚಳಿಗಾಲ ಟಪಾಲು ಸಾಗಿಸಿದ ಹಿಮಗಾಡಿ ಅದು. ಶೆಡ್ಡಿನಲ್ಲಿ ತುಕ್ಕು ಹಿಡಿದು ಬಿದ್ದಿದ್ದನ್ನು ನಾನೂ ಸಾವ್ವಾತಿ ಚಿಕ್ಕಪ್ಪನೂ ಎರಡು ವರ್ಷ ಒದ್ದಾಡಿ ಎಬ್ಬಿಸಿದೆವು. ಚಳಿಗೆ ಗಟ್ಟಿಯಾಗದಿರಲೆಂದು ಸಂಜೆ ಎಂಜಿನ್ನಿನ ಬಿಸಿ ಎಣ್ಣೆ ಬಸಿದಿಡುವುದು, ಬೆಳಿಗ್ಗೆ ಅದನ್ನೇ ಒಲೆಯ ಮೇಲೆ ಕಾಯಿಸಿ ಸುರಿಯುವುದು. ನನ್ನ ಅಡುಗೆಮನೆ ಇನ್ನೂ ನಾರುತ್ತಿದೆ. ಹಿಂದಿನ ಪಂಖ ತಿರುಗಿಸಿ ಗಾಡಿಯನ್ನು ಹಿಮದ ಮೇಲೆ ತಳ್ಳುವ ವಿಮಾನದ ಎಂಜಿನ್ನು ಕಣೋ, ಒಂಬತ್ತು ಸಿಲಿಂಡರಿನದು. ಯಾವುದು ಕೆಮ್ಮುತ್ತಿದೆ ಎಂದು ಬರೀ ಕಿವಿಯಿಂದ ಹೇಳಬಲ್ಲವರು ಅಪ್ಪನ ಮೆಕ್ಯಾನಿಕ್ ಆಗಿದ್ದ ಚಿಕ್ಕಪ್ಪ ಒಬ್ಬರೇ.

ಮಾರ್ಚಿನಲ್ಲಿ ನೀನು ಗೆಳೆಯರನ್ನು ಕಟ್ಟಿಕೊಂಡು ಬಂದು, ಚಿಕ್ಕಪ್ಪನನ್ನೂ ಕೂರಿಸಿಕೊಂಡು ಗಾಡಿ ಹತ್ತಿದೆ. ಸುತ್ತಾಡಿ ಬಂದು ದಂಡೆಯಲ್ಲಿ ನಿಲ್ಲಿಸಿ, ಊಟಕ್ಕೆ ಹೋದೆ. ಗಾಡಿ ನಿಂತ ಕೂಡಲೇ ಜಾರುಹಲಗೆಗಳ ಕೆಳಗೆ ಮರದ ದಿಂಡು ಕೊಡಬೇಕು, ಇಲ್ಲದಿದ್ದರೆ ಮಂಜುಗಡ್ಡೆಗೆ ಅಂಟಿಕೊಳ್ಳುತ್ತವೆ. ನಮ್ಮಲ್ಲಿ ನಡೆಯಲು ಕಲಿತ ಕೂಸಿಗೂ ಇದು ಗೊತ್ತು. ಅಂಟಿದ ಗಾಡಿಯನ್ನು ನೀನು ಎಂಜಿನ್ ಜೋರು ಮಾಡಿ ಕೀಳಲು ಹೋದೆ, ಮುಂದಿನ ಹಲಗೆಯ ಕಾಲು ಲಟಕ್ಕೆಂದು ಮುರಿಯಿತು. ಆಮೇಲೆ ಅಂಗಡಿ ಮುಂದೆ ಊರೆಲ್ಲ ಕೇಳುವಂತೆ ಏನಂದೆ? "ದಿಂಡು ಇಡು ಅಂತ ಹೇಳಿ ಹೋಗಿದ್ದೆ, ಮುದುಕ ಮರ್ತೇಬಿಟ್ಟಿದ್ದಾನೆ. ಇವನಿಗೆ ಅರಳುಮರಳು." ಚಿಕ್ಕಪ್ಪ ತುಟಿ ಪಿಟಕ್ಕೆನ್ನಲಿಲ್ಲ. ನಾನು ಕೇಳಿದ್ದಕ್ಕೆ, "ಮರೆತಿರಬೋದು ಮಗಾ, ವಯಸ್ಸಾಯ್ತು" ಅಂದರು. ಮಾರನೆಯ ದಿನದಿಂದ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಊರವರು ದೋಣಿಯ ಮೋಟಾರು ರಿಪೇರಿಗೂ ಈಗ ಅವರ ಹತ್ತಿರ ಒಯ್ಯುವುದಿಲ್ಲ. ಐವತ್ತು ವರ್ಷ ಆ ಕೈಗಳನ್ನು ನಂಬಿದ ಜನ!

ಕಳೆದ ವಾರ ನಿನ್ನ ಗೆಳೆಯನ ಹೆಂಡತಿ, ಅವತ್ತು ನಿಮ್ಮ ಜೊತೆ ಗಾಡಿಯಲ್ಲಿದ್ದವಳು, ಇಲ್ಲಿಗೆ ಬಂದು ಚಹಾ ಕುಡಿಯುತ್ತಾ ನಗುನಗುತ್ತಾ ಹೇಳಿದಳು: "ಅವತ್ತು ನಿಮ್ಮ ತಮ್ಮ, 'ನೀನು ಮನೆಗೆ ಹೋಗು ಚಿಕ್ಕಪ್ಪಾ, ದಿಂಡು ನಾನಿಡ್ತೀನಿ' ಅಂತ ಅವ್ರನ್ನ ಕಳಿಸಿಬಿಟ್ಟು, ಮಾತಲ್ಲಿ ಮರ್ತೇಹೋದ ನೋಡಿ." ಥೂ ನಿನ್ನ! ಮರೆತದ್ದನ್ನು ಕ್ಷಮಿಸಬಹುದು. ಒಬ್ಬ ಮನುಷ್ಯನ ತಲೆಯೇ ಕೆಟ್ಟಿದೆ ಎಂದು ಊರಿಗೆಲ್ಲ ಸಾರಿ, ಬಸ್ಸು ಹತ್ತಿ ಹೋದೆಯಲ್ಲ, ನಿನಗೆ ನಿದ್ದೆ ಹೇಗೆ ಬಂತು?

ಹಲಗೆಯ ಮುರಿದ ಕಾಲಿಗೆ ಬೆಸುಗೆ ಹಾಕಿಸಿದ್ದೇನೆ. ಎಂಜಿನ್ನು ಮಾತ್ರ ಹೊತ್ತಿಕೊಂಡು ಎರಡು ಸಲ ಕೆಮ್ಮಿ ಸಾಯುತ್ತದೆ. ಅದನ್ನು ಕೇಳಬೇಕಾದ ಕಿವಿ ಬಾಗಿಲು ಹಾಕಿಕೊಂಡು ಮನೆಯಲ್ಲಿ ಕೂತಿದೆ. ನಡೆದದ್ದನ್ನು ನಿನ್ನ ಕೈಯಾರೆ ಬರೆದು ಕಳಿಸು. ಅದೇ ಅಂಗಡಿ ಮುಂದೆ ನಿಂತು ಗಟ್ಟಿಯಾಗಿ ಓದುತ್ತೇನೆ.

ಲುಕೇರ್ಯಾಗೆ ನನ್ನ ಪ್ರೀತಿ. ನಿನ್ನ ಪಾಲಿನ ಆಶೀರ್ವಾದ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಿನ್ನ ಅಕ್ಕ,
ಉಸ್ತಿನ್ಯಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಚಿಕ್ಕಪ್ಪನಿಗೆ ಓದಿ ಹೇಳಿದೆ. ಅವರಿಗೆ ಮರೆವೂ ಇಲ್ಲ, ಮಣ್ಣೂ ಇಲ್ಲ, ಎಲ್ಲ ನೆನಪಿದೆ. "ಗೆಳೆಯರ ಮುಂದೆ ಹುಡುಗನ ಮಾನ ಹೋಗ್ಬಾರ್ದು ಅಂತ ಸುಮ್ಮನಿದ್ದೆ" ಅಂದರು. ಮತ್ತೆ ಶೆಡ್ಡಿಗೆ ಯಾಕೆ ಬರಲಿಲ್ಲ ಎಂದು ಕೇಳಿದೆ. "ದಿನಾ ನಿನ್ನ ಮುಖ ನೋಡ್ಕೊಂಡು ಸುಳ್ಳು ಹೇಳೋಕೆ ನನ್ ಕೈಲಿ ಆಗ್ತಿರ್ಲಿಲ್ಲ ಮಗಾ" ಅಂದರು. ಈ ಕಾಗದ ಕಳಿಸಬೇಡ, ಅವನಿಗೆ ಬೇಜಾರಾಗುತ್ತದೆ ಎಂದು ನನ್ನ ಕೈ ಹಿಡಿದುಕೊಂಡರು. ಕಳಿಸುತ್ತಿದ್ದೇನೆ. ಬೇಜಾರು ಮಾಡಿಕೋ.